ದಂಡಿನ ಬೆನ್ನಿಗೆ ಬರುವ ಮಾರಿ

ಬೆಳಗೆದ್ದ ಮಗುವಿನ ಕಣ್ಣು ಕೆಂಪಾಗಿ, ರೆಪ್ಪೆಗಳು ಗೀಜುಗಟ್ಟಿ ಅಂಟಿಕೊಂಡಿದ್ದರೆ ನಮ್ಮ ಮನೆಗಳಲ್ಲಿ ಬರುವ ಮಾತು ಒಂದೇ: ‘ಮದ್ರಾಸ್ ಐ’ ಬಂದಿದೆ, ನಾಲ್ಕು ದಿನ ಶಾಲೆಗೆ ಕಳಿಸಬೇಡಿ. ಆ ಹೆಸರಿನ ಹಿಂದಿರುವ ಊರು ಚೆನ್ನೈನ ಎಗ್ಮೋರ್. ಅಲ್ಲಿನ ಸರ್ಕಾರಿ ಕಣ್ಣಾಸ್ಪತ್ರೆಯ ವೈದ್ಯರು 1918ರಲ್ಲಿ ಈ ಬೇನೆಯನ್ನು ಮೊದಲು ಗುರುತಿಸಿದರು, ಹಾಗಾಗಿ ಊರಿನ ಹೆಸರೇ ರೋಗಕ್ಕೆ ನಿಂತುಬಿಟ್ಟಿತು ಎಂಬ ಮಾತು ಬಹುಕಾಲದಿಂದ ನಡೆದುಬಂದಿದೆ. ಇದಕ್ಕೆ ಕಾರಣವಾಗುವ ರೋಗಾಣುಗಳಲ್ಲಿ ಮುಖ್ಯವಾದ ಅಡಿನೋವೈರಸ್ ವಿಜ್ಞಾನಿಗಳ ಕೈಗೆ ಸಿಕ್ಕಿದ್ದು ಅದಾಗಿ ಮೂರೂವರೆ ದಶಕಗಳ ಮೇಲೆ, ಅಮೆರಿಕದಲ್ಲಿ. ಒಂದು ತಂಡಕ್ಕೆ ಅದು ಮಕ್ಕಳಿಂದ ಶಸ್ತ್ರಚಿಕಿತ್ಸೆ ಮಾಡಿ ತೆಗೆದ ಅಡಿನಾಯ್ಡ್ ಗ್ರಂಥಿಯಲ್ಲಿ ಸಿಕ್ಕಿತು. ಹೆಚ್ಚುಕಡಿಮೆ ಅದೇ ಹೊತ್ತಿಗೆ ಇನ್ನೊಂದು ತಂಡಕ್ಕೆ ಸಿಕ್ಕಿದ್ದು ಸೇನಾ ಬ್ಯಾರಕ್ಕಿನಲ್ಲಿ, ಜ್ವರ ಕೆಮ್ಮಿನಿಂದ ಮಲಗಿದ್ದ ಹೊಸ ಸೈನಿಕರ ಗಂಟಲಿನಲ್ಲಿ. ಈ ವೈರಸ್ಸಿನ ಎರಡು ಬಗೆಗಳಿಗೆ ಲಸಿಕೆಯೂ ಉಂಟು. ಅದು ಊರಿನ ಮಕ್ಕಳಿಗೆ ಸಿಗುವುದಿಲ್ಲ, ಅಮೆರಿಕದ ಸೇನೆಗೆ ಸೇರುವವರಿಗಷ್ಟೇ ಕೊಡುತ್ತಾರೆ.

ಬ್ಯಾರಕ್ಕು ರೋಗಕ್ಕೆ ಅಷ್ಟು ಹಿತವಾದ ಜಾಗ. ಅಂಥ ಬ್ಯಾರಕ್ಕುಗಳನ್ನು ಒಂದು ದೇಶ ಇನ್ನೊಂದು ದೇಶದ ನೆಲದಲ್ಲಿ ಕಟ್ಟಿ ವರ್ಷಗಟ್ಟಲೆ ಸೇನೆ ಇರಿಸುವ ಪದ್ಧತಿ ನಿಲ್ಲಬೇಕು ಎಂದು ನಾನು ನಂಬಿದ್ದೇನೆ. ರಾಜಕೀಯದವರು ಇದಕ್ಕೆ ಸಾರ್ವಭೌಮತೆಯ ಕಾರಣ ಕೊಡುತ್ತಾರೆ. ನನ್ನ ಕಾರಣಗಳು ಇರುವುದು ನೀರಿನಲ್ಲಿ, ರಕ್ತದಲ್ಲಿ, ಚರಂಡಿಯಲ್ಲಿ. ಅವುಗಳನ್ನು ಹೇಳಲು ಎಗ್ಮೋರಿಗಿಂತ ತಕ್ಕ ಜಾಗ ನನಗೆ ಗೊತ್ತಿಲ್ಲ.

ಎಗ್ಮೋರ್ ರೈಲು ನಿಲ್ದಾಣದ ಕೆಂಪು ಬಿಳಿ ಕಟ್ಟಡವನ್ನು ಮೊದಲ ಸಲ ನೋಡುವ ಕನ್ನಡಿಗರಿಗೆ ಅದರ ಗುಮ್ಮಟಗಳು ಪರಿಚಿತ ಎನ್ನಿಸಿದರೆ ಸೋಜಿಗವಿಲ್ಲ. ಅದರ ವಾಸ್ತುಶಿಲ್ಪಿ ಹೆನ್ರಿ ಇರ್ವಿನ್, ಮೈಸೂರಿನ ಅರಮನೆಯನ್ನು ರೂಪಿಸಿದವರೇ. ಕಟ್ಟಿದ ಗುತ್ತಿಗೆದಾರ ಬೆಂಗಳೂರಿನ ಸಾಮಿನಾದ ಪಿಳ್ಳೆ. 1908ರ ಜೂನ್ 11ರಂದು ನಿಲ್ದಾಣ ತೆರೆಯಿತು. ಅದಕ್ಕೂ ಇನ್ನೂರು ವರ್ಷ ಮೊದಲು ಈಸ್ಟ್ ಇಂಡಿಯಾ ಕಂಪನಿ ಇದೇ ನೆಲದಲ್ಲಿ ‘ಎಗ್ಮೋರ್ ರಿಡೌಟ್’ ಎಂಬ ಕಾವಲುಕೋಟೆ ಕಟ್ಟಿತ್ತು. ಸಮುದ್ರತೀರದ ಸೇಂಟ್ ಜಾರ್ಜ್ ಕೋಟೆಗೆ ಒಳನಾಡಿನ ಕಡೆಯಿಂದ ಯಾರೂ ಬಾರದಂತೆ ನೋಡಿಕೊಳ್ಳುವ ಹೊರಠಾಣ್ಯ ಅದು.

ಆ ಠಾಣ್ಯ ಏನನ್ನು ಹೆತ್ತಿತು ಎಂಬುದಕ್ಕೆ ಅಲ್ಲಿಯೇ ಶುರುವಾದ ಅನಾಥಾಲಯ ಸಾಕ್ಷಿ. 1780ರ ದಶಕದ ಕೊನೆಯಲ್ಲಿ ತೆರೆದ ಆ ‘ಮೇಲ್ ಅಸೈಲಮ್’ನಲ್ಲಿ ಇದ್ದವರು ಯುರೋಪಿನ ಸೈನಿಕರಿಗೆ ಹುಟ್ಟಿದ ಗಂಡುಮಕ್ಕಳು. ಹೆಚ್ಚಿನವರ ತಾಯಂದಿರು ಇಲ್ಲಿನವರು. ತಂದೆಯರು ಸತ್ತಿದ್ದರು, ಇಲ್ಲವೇ ವರ್ಗವಾಗಿಯೋ ಊರಿಗೆ ಮರಳಿಯೋ ಹೊರಟುಹೋಗಿದ್ದರು. 1789ರಲ್ಲಿ ಅದರ ಹೊಣೆ ಹೊತ್ತ ಪಾದ್ರಿ ಆಂಡ್ರ್ಯೂ ಬೆಲ್, ನಮ್ಮ ಕೂಲಿಮಠಗಳ ಹಾಗೆ ಮಕ್ಕಳು ಮರಳಿನ ಮೇಲೆ ಬೆರಳಾಡಿಸಿ ಅಕ್ಷರ ಕಲಿಯುತ್ತಿದ್ದುದನ್ನು ಕಂಡು ಅದನ್ನು ತಮ್ಮ ಶಾಲೆಗೆ ತಂದರು. ದೊಡ್ಡ ಹುಡುಗರು ಚಿಕ್ಕವರಿಗೆ ಕಲಿಸುವ ಆ ಕ್ರಮ ‘ಮದ್ರಾಸ್ ಪದ್ಧತಿ’ ಎಂಬ ಹೆಸರಿನಲ್ಲಿ ಬ್ರಿಟನ್ನಿನ ಶಾಲೆಗಳಿಗೆ ಹೋಯಿತು. ಶಿಕ್ಷಣದ ಇತಿಹಾಸ ಬರೆಯುವವರು ಇಷ್ಟಕ್ಕೆ ನಿಲ್ಲಿಸುತ್ತಾರೆ. ನನ್ನನ್ನು ಕಾಡುವುದು ಆ ಹುಡುಗರ ಮುಂದಿನ ಬದುಕು. 1795ರಲ್ಲಿ ಕಂಪನಿ ಹೊರಡಿಸಿದ ಆಜ್ಞೆಯಂತೆ, ತಂದೆತಾಯಿಯರಲ್ಲಿ ಒಬ್ಬರಷ್ಟೇ ಯುರೋಪಿನವರಾಗಿದ್ದವರು ಅದರ ಸೇನೆಯಲ್ಲಿ ಕೊಳಲೂದುವವರಾಗಿ, ತಮಟೆ ಬಡಿಯುವವರಾಗಿ, ಕುದುರೆಗೆ ಲಾಳ ಕಟ್ಟುವವರಾಗಿ ಮಾತ್ರ ಇರಬಹುದಿತ್ತು. ಅಪ್ಪಂದಿರನ್ನು ಇಲ್ಲಿಗೆ ತಂದು ಇರಿಸಿದ ಕಂಪನಿ ಮಕ್ಕಳನ್ನು ತನ್ನವರೆಂದು ಒಪ್ಪಲಿಲ್ಲ. ಫಿಲಿಪ್ಪೀನ್ಸ್‌ನಲ್ಲಿ, ವಿಯೆಟ್ನಾಮಿನಲ್ಲಿ, ಒಕಿನಾವಾದಲ್ಲಿ ಅಮೆರಿಕದ ಸೈನಿಕರಿಗೆ ಹುಟ್ಟಿದ ಮಕ್ಕಳ ಕತೆ ಎಗ್ಮೋರಿನ ಈ ಕತೆಗಿಂತ ಹೆಚ್ಚು ಬೇರೆಯಲ್ಲ.

ಕಣ್ಣಾಸ್ಪತ್ರೆಯ ಹಿಂದೆಯೂ ಒಂದು ದಂಡಿದೆ, ಮತ್ತು ಅದರ ಹೆಜ್ಜೆ ಶ್ರೀರಂಗಪಟ್ಟಣದಿಂದ ಶುರುವಾಗುತ್ತದೆ. 1799ರ ಮೇ 4ರಂದು ಟಿಪ್ಪುವಿನ ಕೋಟೆಗೆ ಲಗ್ಗೆ ಹಾಕಿದ ಪಡೆಯ ಮುಂದಾಳು ಡೇವಿಡ್ ಬೇರ್ಡ್. ಎರಡು ವರ್ಷದ ಬಳಿಕ, 1801ರಲ್ಲಿ, ಇದೇ ಬೇರ್ಡ್ ಭಾರತದಿಂದ ಒಂದು ಸೇನೆಯನ್ನು ಹಡಗಿನಲ್ಲಿ ಕೆಂಪು ಸಮುದ್ರ ದಾಟಿಸಿ, ಮರುಭೂಮಿಯಲ್ಲಿ ನಡೆಸಿ, ನೈಲ್ ನದಿ ಮುಟ್ಟಿಸಿದರು. ಅಲ್ಲಿ ನೆಪೋಲಿಯನ್ನನ ಫ್ರೆಂಚ್ ಪಡೆಯನ್ನೂ ಬ್ರಿಟಿಷ್ ಪಡೆಯನ್ನೂ ಒಂದೇ ಶತ್ರು ಹಣಿಯುತ್ತಿತ್ತು. ಅದು ಕಣ್ಣಿನ ಬೇನೆ. ಅದರಲ್ಲಿ ಹಲವು ರೋಗಗಳು ಬೆರೆತಿದ್ದವು, ಮುಖ್ಯವಾದುದು ಇಂದು ನಾವು ಟ್ರಕೋಮಾ ಎನ್ನುವುದು. ಕ್ಲಮೀಡಿಯಾ ಎಂಬ ಬ್ಯಾಕ್ಟೀರಿಯಾದಿಂದ ರೆಪ್ಪೆಯ ಒಳಮೈ ಒರಟಾಗುತ್ತದೆ, ಗಾಯ ಒಣಗುತ್ತ ರೆಪ್ಪೆ ಒಳಕ್ಕೆ ಮಡಚಿಕೊಳ್ಳುತ್ತದೆ, ಕೂದಲು ಕಣ್ಣಿನ ಪಾರದರ್ಶಕ ಪೊರೆಯನ್ನು ಉಜ್ಜುತ್ತ ಉಜ್ಜುತ್ತ ದೃಷ್ಟಿ ಹೋಗುತ್ತದೆ. ನೊಣ, ಕೈ, ಹಂಚಿಕೊಂಡ ಮುಖವಸ್ತ್ರ ಇವೇ ಅದರ ವಾಹನ. ಈಜಿಪ್ಟಿನ ಹಳ್ಳಿಗಳಲ್ಲಿ ಇದ್ದ ಈ ರೋಗ ಸೈನಿಕರ ಬೆನ್ನಿಗೆ ಬಿದ್ದು ಯುರೋಪಿನ ಬ್ಯಾರಕ್ಕುಗಳಿಗೆ ಹೋಯಿತು. 1818ರ ಹೊತ್ತಿಗೆ ಬ್ರಿಟನ್ನಿನಲ್ಲಿ 5,000ಕ್ಕೂ ಹೆಚ್ಚು ಸೈನಿಕರು ಕಣ್ಣು ಕಳೆದುಕೊಂಡು ಸೇನೆಯಿಂದ ಹೊರಬಿದ್ದಿದ್ದರು. ಲಂಡನ್ನಿನಲ್ಲಿ 1805ರಲ್ಲಿ ಮೂರ್‌ಫೀಲ್ಡ್ಸ್ ಕಣ್ಣಾಸ್ಪತ್ರೆ ಹುಟ್ಟಲು ಈ ಬೇನೆಯೇ ಬಹುಮಟ್ಟಿಗೆ ಕಾರಣ. ಅಲ್ಲಿ ಬೆಳೆದ ವಿದ್ಯೆಯನ್ನು ಕಂಪನಿ 1819ರಲ್ಲಿ ರಾಬರ್ಟ್ ರಿಚರ್ಡ್‌ಸನ್ ಎಂಬ ವೈದ್ಯರ ಮೂಲಕ ಮದ್ರಾಸಿಗೆ ಕಳಿಸಿತು. ರಾಯಪೇಟೆಯಲ್ಲಿ ಶುರುವಾದ ಆ ಆಸ್ಪತ್ರೆ 1880ರ ದಶಕದಲ್ಲಿ ಎಗ್ಮೋರಿಗೆ ಬಂತು. ಇವತ್ತಿಗೂ ದಿನನಿತ್ಯ ಬಡವರ ಪೊರೆ ತೆಗೆಯುವ ಆ ಆಸ್ಪತ್ರೆಯ ಬಗ್ಗೆ ನನಗೆ ಗೌರವವಿದೆ. ಅದರ ವಂಶಾವಳಿಯಲ್ಲಿ ಸಾವಿರಾರು ಕುರುಡು ಸೈನಿಕರೂ, ಅವರು ಹಿಂದೆ ಬಿಟ್ಟುಬಂದ, ಯಾರೂ ಎಣಿಸದ ಈಜಿಪ್ಟಿನ ಕುರುಡರೂ ಇದ್ದಾರೆ.

ದಂಡು ಹೋದಲ್ಲಿ ರೋಗ ಏಕೆ ಇಷ್ಟು ಖಂಡಿತವಾಗಿ ಹೋಗುತ್ತದೆ? ಒಂದು ಹಳ್ಳಿಗೆ ದಡಾರ ಬಂತು ಎನ್ನಿ. ಮೈಯಲ್ಲಿ ರಕ್ಷಣೆ ಇಲ್ಲದವರಿಗೆಲ್ಲ ಹಬ್ಬಿ, ಬದುಕಿದವರಲ್ಲಿ ರಕ್ಷಣೆ ಹುಟ್ಟಿಸಿ, ಸೌದೆ ಮುಗಿದ ಒಲೆಯಂತೆ ತಾನೇ ಆರುತ್ತದೆ. ಮತ್ತೆ ಉರಿಯಲು ಹೊಸ ಮಕ್ಕಳು ಹುಟ್ಟಿ ಬೆಳೆಯಬೇಕು. ಸೇನಾ ನೆಲೆಯಲ್ಲಿ ಸೌದೆ ಮುಗಿಯುವುದೇ ಇಲ್ಲ. ಒಂದು ಪಡೆ ಹೊರಟರೆ ಇನ್ನೊಂದು ಬರುತ್ತದೆ, ದೂರದ ಊರುಗಳ ಹರೆಯದವರು ಹೊಸ ಗಂಟಲು, ಹೊಸ ಕರುಳು, ಹೊಸ ರಕ್ತ ಹೊತ್ತು ಬಂದು ಒಂದೇ ಸೂರಿನಡಿ ಒತ್ತಾಗಿ ಮಲಗುತ್ತಾರೆ. ಅವರಿಗೆ ಆ ನೆಲದ ರೋಗಗಳ ಪರಿಚಯವಿಲ್ಲ, ಆ ನೆಲದವರಿಗೆ ಇವರು ತಂದ ರೋಗಗಳ ಪರಿಚಯವಿಲ್ಲ. ಇದಕ್ಕೆ ಇನ್ನೊಂದನ್ನು ಸೇರಿಸಿ: ನೆಲೆಗೆ ತನ್ನದೇ ಬೇಲಿ, ತನ್ನದೇ ಕಾನೂನು. ಊರಿನ ಆರೋಗ್ಯಾಧಿಕಾರಿ ಹೋಟೆಲ್ಲಿನ ಅಡುಗೆಮನೆ ಹೊಕ್ಕು ನೋಡಬಹುದು, ಸಕ್ಕರೆ ಕಾರ್ಖಾನೆಯ ಕೊಳಚೆಯ ಮಾದರಿ ತೆಗೆಯಬಹುದು. ಪರದೇಶದ ಸೇನಾ ನೆಲೆಯ ಗೇಟಿನಲ್ಲಿ ಆತ ನಿಲ್ಲಬೇಕು. ಜನಸಂದಣಿ, ಬದಲಾಗುತ್ತಲೇ ಇರುವ ಜನ, ತಪಾಸಣೆಗೆ ಸಿಗದ ಚರಂಡಿ. ಸಾಂಕ್ರಾಮಿಕ ರೋಗಕ್ಕೆ ಇದಕ್ಕಿಂತ ಒಳ್ಳೆಯ ಮನೆಯನ್ನು ಯಾರೂ ಕಟ್ಟಿಕೊಡಲಾರರು.

ನಮ್ಮ ಜನಪದಕ್ಕೆ ಇದು ಬಹಳ ಮೊದಲೇ ತಿಳಿದಂತಿದೆ. ತುಮಕೂರು ಜಿಲ್ಲೆಯ ಮಧುಗಿರಿಯಲ್ಲಿ ನೆಲೆಸಿದ ದೇವಿಯ ಹೆಸರು ದಂಡಿನ ಮಾರಮ್ಮ. ಮಾರಿ ಎಂದರೆ ಸಿಡುಬು, ಕಾಲರಾಗಳ ಒಡತಿ. ಆ ಹೆಸರು ಹೇಗೆ ಬಂತೆಂಬ ಐತಿಹ್ಯ ಏನೇ ಇರಲಿ, ದಂಡನ್ನೂ ಮಾರಿಯನ್ನೂ ಒಂದೇ ಉಸಿರಿನಲ್ಲಿ ಹೇಳುವ ನುಡಿ ನಮ್ಮದು.

ನಮ್ಮ ನಾಡು ಪರರ ದಂಡನ್ನು ಬರೀ ಕಂಡದ್ದಲ್ಲ, ಹಣ ಕೊಟ್ಟು ಸಾಕಿತು. ಟಿಪ್ಪು ಸತ್ತ ವರ್ಷವೇ ಮೈಸೂರಿನ ಮೇಲೆ ಹೇರಿದ ಸಹಾಯಕ ಸೈನ್ಯದ ಒಪ್ಪಂದದಂತೆ, ರಾಜ್ಯದ ರಕ್ಷಣೆಗೆಂದು ಕಂಪನಿಯ ಸೇನೆ ಇಲ್ಲಿ ಬೀಡುಬಿಡಬೇಕು, ಅದಕ್ಕೆ ಪ್ರತಿವರ್ಷ ಮೈಸೂರು 7 ಲಕ್ಷ ಸ್ಟಾರ್ ಪಗೋಡ ಕಟ್ಟಬೇಕು. ರೂಪಾಯಿ ಲೆಕ್ಕದಲ್ಲಿ ಅದು 24.5 ಲಕ್ಷ. ಹಣ ತಪ್ಪೀತೆಂದು ಅನ್ನಿಸಿದರೆ ಆಡಳಿತವನ್ನೇ ಕೈಗೆ ತೆಗೆದುಕೊಳ್ಳುವ ಹಕ್ಕು ಕಂಪನಿಗೆ. 1831ರಲ್ಲಿ ಅದೇ ಕಲಮನ್ನು ಹಿಡಿದು ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ರಾಜ್ಯಾಡಳಿತ ಕಿತ್ತುಕೊಂಡರು, 50 ವರ್ಷ ಮರಳಿ ಕೊಡಲಿಲ್ಲ. 1881ರಲ್ಲಿ ಕೊಟ್ಟಾಗ ಕಾಣಿಕೆಯನ್ನು 35 ಲಕ್ಷಕ್ಕೆ ಏರಿಸುವ ಷರತ್ತು ಹಾಕಿದರು. ಅದನ್ನು ಹಳೆಯ ಮಟ್ಟಕ್ಕೆ ಇಳಿಸಲು 1927ರವರೆಗೆ, ನಾಲ್ವಡಿಯವರ ಆಳ್ವಿಕೆಯ ಬೆಳ್ಳಿಹಬ್ಬದವರೆಗೆ ಕಾಯಬೇಕಾಯಿತು. ಕನ್ನಂಬಾಡಿ ಕಟ್ಟಿದ ರಾಜ್ಯ, ಶಿವನಸಮುದ್ರದಲ್ಲಿ ವಿದ್ಯುತ್ ತೆಗೆದ ರಾಜ್ಯ, ಆಸ್ಪತ್ರೆಗೂ ಶಾಲೆಗೂ ಸಾಲದ ಬೊಕ್ಕಸದಿಂದ ತನ್ನನ್ನು ಸೋಲಿಸಿದವರ ಸೇನೆಗೆ ವರ್ಷ ವರ್ಷವೂ ಸುಂಕ ತೆತ್ತಿತು.

ಆ ದಂಡು ಮೊದಲು ಇದ್ದದ್ದು ಶ್ರೀರಂಗಪಟ್ಟಣದಲ್ಲಿ. ಕಾವೇರಿಯ ಎರಡು ತೋಳುಗಳ ನಡುವಿನ ದ್ವೀಪ, ಸುತ್ತ ಕಾಲುವೆ, ಗದ್ದೆ. ಹೊರಗಿನಿಂದ ಬಂದ ಸೈನಿಕರು ಜ್ವರದಿಂದ ಸಾಲುಸಾಲಾಗಿ ಮಲಗಿದರು. ಕಾಲುವೆಯಂಚಿನ ನಿಂತ ನೀರಿನಲ್ಲಿ ಬೆಳೆಯುವ ಅನಾಫಿಲಿಸ್ ಸೊಳ್ಳೆಯೇ ಇದಕ್ಕೆ ಕಾರಣ ಎಂದು ತಿಳಿಯಲು ಇನ್ನೂ ಒಂದು ಶತಮಾನ ಬೇಕಿತ್ತು. ಮಲೇರಿಯಾದ ಊರಿನಲ್ಲಿ ಹುಟ್ಟಿ, ಬಾಲ್ಯದಲ್ಲಿ ಹಲವು ಸಲ ಜ್ವರ ಬಂದೂ ಉಳಿದವರ ಮೈಯಲ್ಲಿ ಅರೆಬರೆ ರಕ್ಷಣೆ ಬೆಳೆದಿರುತ್ತದೆ. ಆ ರಕ್ಷಣೆಗೆ ಎಷ್ಟು ಕೂಸುಗಳ ಪ್ರಾಣ ತೆರಬೇಕು ಎಂಬುದು ಬೇರೆ ಸಂಕಟ. ಹೊರಗಿನಿಂದ ಬಂದ ವಯಸ್ಕನಿಗೆ ಅದೂ ಇಲ್ಲ. ಅವನು ಬೇಗ ಸಾಯುತ್ತಾನೆ, ಇಲ್ಲವೇ ತಿಂಗಳುಗಟ್ಟಲೆ ರಕ್ತದಲ್ಲಿ ರೋಗಾಣು ಹೊತ್ತು ಸೊಳ್ಳೆಗಳಿಗೆ ಹಂಚುತ್ತಾನೆ. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ 300ಕ್ಕೂ ಹೆಚ್ಚು ಸಮಾಧಿಗಳಿವೆ. ಅವುಗಳಲ್ಲಿ ಹಲವು ಡಿ ಮ್ಯೂರಾನ್ ರೆಜಿಮೆಂಟಿನವರದು, ಸ್ವಿಟ್ಜರ್ಲೆಂಡಿನಿಂದ ಕೂಲಿಗೆ ಬಂದ ಪಡೆ ಅದು. ಮೊದಲು ಸಿಲೋನಿನಲ್ಲಿ ಡಚ್ಚರಿಗೆ, ಆಮೇಲೆ ಇಂಗ್ಲಿಷರಿಗೆ ದುಡಿದು, ಕೊನೆಗೆ ಕಾವೇರಿ ದಂಡೆಯಲ್ಲಿ ಮಣ್ಣಾದವರು. ಹೆಂಡತಿಯರ, ಎಳೆಮಕ್ಕಳ ಸಮಾಧಿಗಳೂ ಅಲ್ಲಿವೆ. ಅವುಗಳ ನಡುವೆ ನಿಂತಾಗ ದ್ವೇಷ ಹುಟ್ಟುವುದಿಲ್ಲ. ಯಾರದೋ ಲಾಭಕ್ಕೆ ಎಲ್ಲಿಂದಲೋ ತಂದು ಇಲ್ಲಿ ಬಿಟ್ಟ ಹುಡುಗರು ಅವರು.

1809ರಲ್ಲಿ ದಂಡು ಬೆಂಗಳೂರಿನ ಹಲಸೂರಿನ ಕಡೆಗೆ ಬಂತು. ಹಳೆಯ ಬೆಂಗಳೂರಿನವರು ಈಗಲೂ ‘ದಂಡು’ ಎನ್ನುವ ಪ್ರದೇಶ ಅದು. ಒಂದೇ ಊರು ಎರಡು ಆಡಳಿತವಾಗಿ, ಎರಡು ಪುರಸಭೆಯಾಗಿ ಸೀಳಿತು. ಆಡಳಿತದ ಸೀಳು 1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳುವವರೆಗೂ ಉಳಿಯಿತು.

ಸ್ಥಳ ಬದಲಾದರೂ ಸಾವು ಹೆಚ್ಚು ಬದಲಾಗಲಿಲ್ಲ. 19ನೇ ಶತಮಾನದ ಮೊದಲ ದಶಕಗಳಲ್ಲಿ ಬ್ರಿಟಿಷ್ ಸೈನಿಕರು ತಮ್ಮ ದೇಶದಲ್ಲೇ ಇದ್ದರೆ ವರ್ಷಕ್ಕೆ ಸಾವಿರಕ್ಕೆ ಸುಮಾರು 15 ಮಂದಿ ಸಾಯುತ್ತಿದ್ದರು. ಪಶ್ಚಿಮ ಆಫ್ರಿಕದ ಸಿಯೆರಾ ಲಿಯೋನಿನಲ್ಲಿ ಆ ಸಂಖ್ಯೆ 483. ಅಂದರೆ ವರ್ಷ ಮುಗಿಯುವಷ್ಟರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಜನ ಇಲ್ಲ. ಭಾರತದಲ್ಲಿ ಸುಮಾರು ನಾಲ್ಕು ದಶಕಗಳ ಸರಾಸರಿ ಸಾವಿರಕ್ಕೆ 69 ಎಂದು 1863ರಲ್ಲಿ ರಾಯಲ್ ಕಮಿಷನ್ ವರದಿ ಮಾಡಿತು. ಆ ವರದಿಯ ಹಿಂದಿನ ಬುದ್ಧಿ ಫ್ಲಾರೆನ್ಸ್ ನೈಟಿಂಗೇಲ್ ಅವರದು. ಭಾರತಕ್ಕೆ ಕಾಲಿಡದೆಯೇ, ಇಲ್ಲಿನ ದಂಡುಗಳಿಗೆ ಪ್ರಶ್ನಾವಳಿ ಕಳಿಸಿ, ಬಂದ ಉತ್ತರಗಳನ್ನು ಲೆಕ್ಕಹಾಕಿ ಅವರು ತೋರಿಸಿದ್ದು ಇಷ್ಟು: ಸಾವಿಗೆ ಕಾರಣ ಗುಂಡು ಅಲ್ಲ, ಜ್ವರ, ಆಮಶಂಕೆ, ಯಕೃತ್ತಿನ ರೋಗ, ಕಾಲರಾ. ಬಾವಿಯೂ ಕಕ್ಕಸೂ ಒಂದರ ಪಕ್ಕ ಒಂದು. ಭಾರತದ ಸಿಪಾಯಿಗಳೂ ತಮ್ಮ ಸೀಮೆ ಬಿಟ್ಟು ಹೋದಾಗ ಇದೇ ಗತಿ ಕಂಡರು. 1824ರಿಂದ 26ರವರೆಗಿನ ಮೊದಲ ಬರ್ಮಾ ಯುದ್ಧಕ್ಕೆ ಹೋದ ಸುಮಾರು 40,000 ಜನರಲ್ಲಿ 15,000 ಮಂದಿ ಸತ್ತರು, ಬಹುಪಾಲು ರೋಗದಿಂದ. ಮದ್ರಾಸಿನಿಂದ ಹಡಗು ಹತ್ತಿದವರು ಅವರಲ್ಲಿ ಬಹಳ ಜನ.

ಸೈನಿಕರ ಸಾವಿನ ಲೆಕ್ಕವನ್ನಾದರೂ ಯಾರೋ ಇಟ್ಟರು. ದಂಡಿನ ಬೇಲಿಯ ಹೊರಗಿದ್ದವರ ಲೆಕ್ಕ ಸಿಗುವುದು ಬಹುಮಟ್ಟಿಗೆ ಒಂದೇ ಕಡೆ, ‘ಲಾಕ್ ಆಸ್ಪತ್ರೆ’ಗಳ ಕಡತದಲ್ಲಿ. ಸೈನಿಕರಿಗೆ ಗುಹ್ಯರೋಗ ಬರಬಾರದೆಂದು ದಂಡಿನ ಸುತ್ತಲಿನ ಹೆಂಗಸರನ್ನು ನೋಂದಾಯಿಸಿ, ಬಲವಂತದಿಂದ ಪರೀಕ್ಷಿಸಿ, ರೋಗವಿದ್ದರೆ ಕೂಡಿಹಾಕುವ ಆಸ್ಪತ್ರೆಗಳು ಅವು. ಸೈನಿಕರಿಗೆ ಅಂಥ ಪರೀಕ್ಷೆ ಇರಲಿಲ್ಲ. ರೋಗಶಾಸ್ತ್ರದ ದೃಷ್ಟಿಯಿಂದಲೂ ಇದು ಮೂರ್ಖತನವೇ. ಇಬ್ಬರ ನಡುವೆ ಹರಡುವ ರೋಗವನ್ನು ಒಬ್ಬರನ್ನು ಮಾತ್ರ ಹಿಡಿದು ತಡೆಯಲಾಗದು. 1890ರ ದಶಕದ ಮಧ್ಯದಲ್ಲಿ ಭಾರತದ ಬ್ರಿಟಿಷ್ ಪಡೆಯಲ್ಲಿ ಇಂಥ ರೋಗಕ್ಕೆ ಆಸ್ಪತ್ರೆ ಸೇರಿದ ಪ್ರಕರಣಗಳು ಸಾವಿರಕ್ಕೆ 500 ದಾಟಿದ್ದವು.

ಇಲ್ಲಿ ಒಂದು ಪ್ರಶ್ನೆ ಏಳುತ್ತದೆ. ದಂಡು ಬಂದುದರಿಂದಲೇ ಅಲ್ಲವೇ ಉಷ್ಣವಲಯದ ವೈದ್ಯಶಾಸ್ತ್ರ ಬೆಳೆದದ್ದು? ರೊನಾಲ್ಡ್ ರಾಸ್ ಮದ್ರಾಸ್ ಪ್ರಾಂತದ ಸೇನಾವೈದ್ಯರಾಗಿ 1883ರಲ್ಲಿ ಬೆಂಗಳೂರಿನ ದಂಡಿಗೆ ಬಂದವರು. ಬಂಗಲೆಯಲ್ಲಿ ಸೊಳ್ಳೆಕಾಟ ಹೆಚ್ಚೆಂದು ಹುಡುಕಿ, ಕಿಟಕಿಯ ಬಳಿಯಿದ್ದ ನೀರಿನ ಪೀಪಾಯಿಯಲ್ಲಿ ಮರಿಗಳು ಕುಣಿಯುತ್ತಿದ್ದುದನ್ನು ಕಂಡು ಅದನ್ನು ಮಗುಚಿದರು, ಸೊಳ್ಳೆ ಕಡಿಮೆಯಾಯಿತು. ಮಿಕ್ಕ ಪೀಪಾಯಿಗಳನ್ನೂ ಮಗುಚೋಣ ಎಂದರೆ ದಂಡಿನ ಅಧಿಕಾರಿ ಒಪ್ಪಲಿಲ್ಲ. ಹದಿನಾಲ್ಕು ವರ್ಷದ ನಂತರ, 1897ರ ಆಗಸ್ಟ್ 20ರಂದು, ಅವರು ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾ ರೋಗಾಣುವನ್ನು ಕಂಡದ್ದು ಸಿಕಂದರಾಬಾದಿನಲ್ಲಿ. ಅದೂ ನಿಜಾಮರ ನೆಲದಲ್ಲಿ ಕಂಪನಿ ಹೂಡಿದ್ದ ದಂಡೇ. ರಾಸ್ ಅವರ ತಾಳ್ಮೆಗೆ ನಾನು ತಲೆಬಾಗುತ್ತೇನೆ. ಆದರೆ ವಿಜ್ಞಾನಿಗೆ ಬೇಕಾದದ್ದು ಸೂಕ್ಷ್ಮದರ್ಶಕ, ಬಿಡುವು ಮತ್ತು ಕುತೂಹಲ. ರಾಸ್ ಅವರ ಬಿಡುವನ್ನು ಸೇನೆ ಸದಾ ಕಸಿದುಕೊಳ್ಳುತ್ತಲೇ ಇತ್ತು. 1895ರಲ್ಲಿ ಸಂಶೋಧನೆ ಕುದುರುತ್ತಿರುವಾಗ ಕಾಲರಾ ತಡೆಯಲು ಅವರನ್ನು ಬೆಂಗಳೂರಿಗೆ ಕಳಿಸಿತು. ಬೆಂಕಿ ಹಚ್ಚಿದವರೇ ನೀರೂ ಹೊತ್ತರು ಎಂಬ ಕಾರಣಕ್ಕೆ ಬೆಂಕಿ ಒಳ್ಳೆಯದಾಗುವುದಿಲ್ಲ.

ಕಾಲರಾ ಎಂದೊಡನೆ ಎರಡು ಕತೆಗಳು ನನ್ನ ಮನಸ್ಸಿನಲ್ಲಿ ಜೋಡಿಯಾಗಿ ನಿಲ್ಲುತ್ತವೆ, ಅವುಗಳ ನಡುವೆ 193 ವರ್ಷಗಳಿವೆ. ಬಂಗಾಳದ ನದೀಮುಖದಲ್ಲಿ ತಲೆಮಾರುಗಳಿಂದ ಇದ್ದ ಈ ರೋಗ 1817ರಲ್ಲಿ ಹೊರಬಿತ್ತು. ಆ ನವೆಂಬರಿನಲ್ಲಿ ಬುಂದೇಲಖಂಡದಲ್ಲಿ ಬೀಡುಬಿಟ್ಟಿದ್ದ ಗವರ್ನರ್ ಜನರಲ್ ಹೇಸ್ಟಿಂಗ್ಸ್‌ನ ದೊಡ್ಡ ಸೇನೆಯಲ್ಲಿ ಕೆಲವೇ ದಿನಗಳಲ್ಲಿ ಸಾವಿರಾರು ಜನ ಸತ್ತರು. ಪಡೆಗಳು ನಡೆದ ದಾರಿಯಲ್ಲಿ ರೋಗವೂ ನಡೆಯಿತು. ಮರುವರ್ಷ ಮದ್ರಾಸನ್ನು ಮುಟ್ಟಿತು. 1821ರಲ್ಲಿ ಅದು ಅರೇಬಿಯಾದ ಮಸ್ಕತ್‌ನಲ್ಲಿ ಕಾಣಿಸಿತು, ಮುಂಬೈಯಿಂದ ಒಮಾನಿಗೆ ಹೋದ ಬ್ರಿಟಿಷ್ ಪಡೆಯ ಜೊತೆಗೆ. ಮೊದಲ ಜಾಗತಿಕ ಕಾಲರಾ ಮಾರಿ ಹಾಗೆ ಹಬ್ಬಿತು.

ಎರಡನೆಯದು ಹೈಟಿ. 2010ರ ಜನವರಿಯ ಭೂಕಂಪದಲ್ಲಿ ನುಚ್ಚುನೂರಾದ ಆ ಬಡ ದೇಶದಲ್ಲಿ ಕನಿಷ್ಠ ಒಂದು ಶತಮಾನದಿಂದ ಕಾಲರಾ ಇರಲಿಲ್ಲ. ಅಕ್ಟೋಬರಿನಲ್ಲಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಗೆ ನೇಪಾಳದಿಂದ ಹೊಸ ತುಕಡಿ ಬಂದು ಮಿರ್ಬಲೇ ಎಂಬ ಊರಿನ ಬಳಿಯ ನೆಲೆಯಲ್ಲಿ ಇಳಿದುಕೊಂಡಿತು. ಆಗ ನೇಪಾಳದಲ್ಲಿ ಕಾಲರಾ ಇತ್ತು. ಸೈನಿಕರಿಗೆ ತಪಾಸಣೆ ನಡೆದದ್ದು ಹೊರಡುವ ಮೊದಲು, ಅನಂತರ ಅವರು ರಜೆಗೆ ಮನೆಗೆ ಹೋಗಿ ಬಂದು ವಿಮಾನ ಹತ್ತಿದ್ದರು. ಕಾಲರಾದ ಬ್ಯಾಕ್ಟೀರಿಯಾ ಹೊಕ್ಕವರಲ್ಲಿ ಬಹುಪಾಲು ಜನರಿಗೆ ರೋಗಲಕ್ಷಣವೇ ಇರುವುದಿಲ್ಲ, ಆದರೆ ಮಲದಲ್ಲಿ ಅದು ಹೊರಬರುತ್ತಿರುತ್ತದೆ. ನೆಲೆಯ ಕೊಳಚೆ ಪಕ್ಕದ ತೊರೆಗೆ ಸೇರಿತು, ತೊರೆ ಆರ್ಟಿಬೋನಿಟ್ ನದಿಗೆ. ಆ ನದಿಯ ನೀರನ್ನೇ ಕುಡಿಯುವ, ಅದರಲ್ಲೇ ಮೀಯುವ, ಅದರಿಂದಲೇ ಗದ್ದೆ ಬೆಳೆಯುವ ಜನ ಕೆಳಗಿದ್ದರು. ಫ್ರೆಂಚ್ ಸಾಂಕ್ರಾಮಿಕ ರೋಗತಜ್ಞ ರೆನೊ ಪಿಯರೂ ಹಳ್ಳಿಹಳ್ಳಿಯ ಮೊದಲ ರೋಗಿಗಳನ್ನು ದಿನಾಂಕವಾರು ನಕ್ಷೆಗೆ ಏರಿಸಿದಾಗ ಗೆರೆಗಳೆಲ್ಲ ನೆಲೆಯ ಕಡೆಗೇ ಬೊಟ್ಟುಮಾಡಿದವು. ಆಮೇಲೆ ಎರಡೂ ದೇಶಗಳ ಬ್ಯಾಕ್ಟೀರಿಯಾದ ಸಂಪೂರ್ಣ ಜೀನೋಮ್ ಓದಿ ಹೋಲಿಸಿದಾಗ, ಸುಮಾರು 40 ಲಕ್ಷ ಅಕ್ಷರಗಳ ಆ ಬರಹದಲ್ಲಿ ಒಂದೆರಡು ಅಕ್ಷರಗಳ ವ್ಯತ್ಯಾಸ ಮಾತ್ರ ಕಂಡಿತು. ಇದಕ್ಕಿಂತ ನಿಚ್ಚಳ ಸಾಕ್ಷ್ಯ ವಿಜ್ಞಾನದಲ್ಲಿ ಅಪರೂಪ. ಒಂಬತ್ತು ವರ್ಷಗಳಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಮಲಗಿದರು, ಸುಮಾರು 10,000 ಜನ ಸತ್ತರು. ಸತ್ತವರ ಮನೆಯವರು ನ್ಯಾಯಾಲಯಕ್ಕೆ ಹೋದರೆ, ವಿಶ್ವಸಂಸ್ಥೆಯ ಮೇಲೆ ದಾವೆ ಹೂಡುವಂತಿಲ್ಲ ಎಂದು 2016ರ ಆಗಸ್ಟಿನಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯ ಹೇಳಿತು. ಮಹಾಕಾರ್ಯದರ್ಶಿ ಬಾನ್ ಕಿ ಮೂನ್ ಅದೇ ಡಿಸೆಂಬರಿನಲ್ಲಿ ಕ್ಷಮೆ ಕೇಳಿದರು.

ಹೈಟಿಗೆ ಹೋದವರು ಗೆಲ್ಲಲು ಹೋದವರಲ್ಲ, ಸುಲಿಯಲು ಹೋದವರೂ ಅಲ್ಲ. ಅದಕ್ಕೇ ಈ ಉದಾಹರಣೆ ನನಗೆ ಮುಖ್ಯ. ಉದ್ದೇಶ ಒಳ್ಳೆಯದಿದ್ದರೂ ಚರಂಡಿ ಅದನ್ನು ಕೇಳುವುದಿಲ್ಲ.

ಜಗತ್ತಿನಲ್ಲಿ ಇಂದು ಅಮೆರಿಕ ಒಂದಕ್ಕೇ ಸುಮಾರು 80 ದೇಶಗಳಲ್ಲಿ ಸುಮಾರು 750 ನೆಲೆಗಳಿವೆ ಎಂಬ ಅಂದಾಜಿದೆ. ಈ ಕಾಲದ ನೆಲೆಗಳು ಬಿಡುವ ವಿಷದ ಬಗೆ ಬೇರೆ. ಜಪಾನಿನ ನೆಲದಲ್ಲಿ ಶೇ. 0.6 ಮಾತ್ರ ಇರುವ ಒಕಿನಾವಾದ ಮೇಲೆ ಆ ದೇಶದಲ್ಲಿನ ಅಮೆರಿಕದ ಸೇನಾ ಜಾಗದ ಶೇ. 70ರಷ್ಟು ಭಾರವಿದೆ. ಅಲ್ಲಿನ ಕಡೇನಾ ವಾಯುನೆಲೆಯ ಆಸುಪಾಸಿನ ನದಿಗಳಲ್ಲಿ, ಲಕ್ಷಾಂತರ ಜನ ಕುಡಿಯುವ ನೀರಿನ ಮೂಲದಲ್ಲಿ ಪಿಎಫ್‌ಎಎಸ್ ಎಂಬ ರಾಸಾಯನಿಕಗಳು ಇವೆಯೆಂದು 2016ರಲ್ಲಿ ಬಯಲಾಯಿತು. ವಿಮಾನದ ಇಂಧನಕ್ಕೆ ಹತ್ತಿದ ಬೆಂಕಿ ಆರಿಸುವ ನೊರೆಯಲ್ಲಿ ಬಳಸುವ ವಸ್ತು ಇದು. ಇಂಗಾಲ ಮತ್ತು ಫ್ಲೋರಿನ್ ಪರಮಾಣುಗಳ ನಂಟು ಎಷ್ಟು ಗಟ್ಟಿಯೆಂದರೆ ಬಿಸಿಲು, ಮಳೆ, ಮಣ್ಣಿನ ಸೂಕ್ಷ್ಮಜೀವಿ ಯಾವುದೂ ಅದನ್ನು ಒಡೆಯಲಾರದು. ಮೈಯೊಳಗೆ ಹೋದದ್ದು ಅರ್ಧಕ್ಕೆ ಇಳಿಯಲು ವರ್ಷಗಳೇ ಬೇಕು. ನೆಲೆಯೊಳಗೆ ಬಂದು ಪರೀಕ್ಷಿಸಲು ಬಿಡಿ ಎಂದು ಒಕಿನಾವಾದ ಆಡಳಿತ ಮಾಡಿದ ಮನವಿಗೆ ಒಪ್ಪಿಗೆ ಸಿಗಲಿಲ್ಲ. ಗೇಟಿನಲ್ಲಿ ನಿಂತ ಆರೋಗ್ಯಾಧಿಕಾರಿಯನ್ನು ಇಲ್ಲಿ ಮತ್ತೆ ನೋಡುತ್ತೇವೆ.

ಇಷ್ಟು ಹೇಳಿ ನಮ್ಮ ದೇಶದ ಮಾತು ಬಂದಾಗ ಸುಮ್ಮನಾದರೆ ಅದು ಪ್ರಾಮಾಣಿಕತೆಯಲ್ಲ. ಎಗ್ಮೋರ್ ನಿಲ್ದಾಣದಿಂದ ಹೊರಡುತ್ತಿದ್ದ ‘ಬೋಟ್ ಮೇಲ್’ ಧನುಷ್ಕೋಟಿ ಮುಟ್ಟಿ, ಪ್ರಯಾಣಿಕರನ್ನು ಹಡಗಿನಲ್ಲಿ ಸಿಲೋನಿಗೆ ದಾಟಿಸುತ್ತಿತ್ತು. ಚಹಾ ತೋಟಗಳಿಗೆ ಹೋಗುವ ಕೂಲಿಗಳನ್ನು ಮಂಡಪಂ ಕ್ಯಾಂಪಿನಲ್ಲಿ ದಿನಗಟ್ಟಲೆ ತಡೆದು, ಪ್ಲೇಗು ಕಾಲರಾ ಇಲ್ಲವೆಂದು ಖಚಿತವಾದ ಮೇಲೆ ಬಿಡುತ್ತಿದ್ದರು. ಬಡವನ ಮೈಯನ್ನು ಗಡಿಯಲ್ಲಿ ಇಷ್ಟು ಜತನದಿಂದ ನೋಡುವ ರಾಜ್ಯಗಳು ಸೇನೆಯ ಮೈಯನ್ನು ನೋಡುವುದಿಲ್ಲ. ಅದೇ ಸಮುದ್ರ ದಾಟಿ 1987ರ ಜುಲೈ ಒಪ್ಪಂದದ ನಂತರ ಭಾರತದ ಶಾಂತಿಪಾಲನಾ ಪಡೆ ಶ್ರೀಲಂಕಾಕ್ಕೆ ಹೋಯಿತು. ತಮಿಳರನ್ನು ಕಾಯಲು ಹೋದದ್ದು ಮೂರು ತಿಂಗಳಲ್ಲಿ ತಮಿಳರ ಊರುಗಳಲ್ಲೇ ಯುದ್ಧಕ್ಕೆ ನಿಂತಿತು. ಅಕ್ಟೋಬರ್ 21 ಮತ್ತು 22ರಂದು ಜಾಫ್ನಾದ ಆಸ್ಪತ್ರೆಯೊಳಗೆ ಗುಂಡು ಹಾರಿ ವೈದ್ಯರು, ದಾದಿಯರು, ರೋಗಿಗಳು ಸೇರಿ 60ಕ್ಕೂ ಹೆಚ್ಚು ಜನ ಸತ್ತರು. ನಮ್ಮ ಸುಮಾರು 1,200 ಸೈನಿಕರು ಅಲ್ಲಿಂದ ಮರಳಲೇ ಇಲ್ಲ. ಕರೆದ ದೇಶದ ಅಧ್ಯಕ್ಷರೇ ಬದಲಾಗಿ, ಹೊಸ ಅಧ್ಯಕ್ಷ ಪ್ರೇಮದಾಸ ಹೊರಡಿ ಎಂದರು. 1990ರ ಮಾರ್ಚ್ 24ರಂದು ಕೊನೆಯ ತುಕಡಿ ತ್ರಿಕೋನಮಲೆ ಬಿಟ್ಟಿತು. ಮದ್ರಾಸಿನ ಬಂದರಿನಲ್ಲಿ ಇಳಿದವರನ್ನು ಸ್ವಾಗತಿಸಲು ಮುಖ್ಯಮಂತ್ರಿ ಕರುಣಾನಿಧಿ ಹೋಗಲಿಲ್ಲ. ಆ ಸೈನಿಕರನ್ನು ದೂರಲು ನನಗೆ ಮನಸ್ಸಿಲ್ಲ. ಶ್ರೀರಂಗಪಟ್ಟಣದಲ್ಲಿ ಮಲಗಿರುವ ಸ್ವಿಸ್ ಹುಡುಗರಂತೆ ಅವರೂ ಬೇರೆಯವರ ನಿರ್ಧಾರವನ್ನು ತಮ್ಮ ಮೈಯಲ್ಲಿ ಹೊತ್ತವರು.

ನೆಲೆಗಳು ಬೇಕು ಎನ್ನುವವರ ವಾದದಲ್ಲಿ ನಾನು ಗಂಭೀರವಾಗಿ ತೆಗೆದುಕೊಳ್ಳುವುದು ಒಂದನ್ನು: ಆಪತ್ತಿನಲ್ಲಿ ಹತ್ತಿರ ಇರುವವರೇ ಮೊದಲು ಕೈಹಿಡಿಯಬಲ್ಲರು. ಇದಕ್ಕೆ ಉತ್ತರ 2004ರ ಡಿಸೆಂಬರ್ 26ರಲ್ಲಿದೆ. ಸುನಾಮಿ ಚೆನ್ನೈನ ಮರೀನಾವನ್ನೂ ನಾಗಪಟ್ಟಿಣಂ ಅನ್ನೂ ಕೊಚ್ಚಿಹಾಕಿದ ಹೊತ್ತಿನಲ್ಲೇ ನಮ್ಮ ನೌಕಾಪಡೆಯ ಹಡಗುಗಳು ಶ್ರೀಲಂಕಾಕ್ಕೂ ಮಾಲ್ದೀವ್ಸ್‌ಗೂ ಔಷಧಿ, ನೀರು ಹೊತ್ತು ಹೊರಟವು. ಅಲ್ಲಿ ನೆಲೆಯೇನೂ ಇರಲಿಲ್ಲ. ಹೋದರು, ಕೆಲಸ ಮಾಡಿದರು, ಮರಳಿದರು. ನೆರೆಮನೆಗೆ ಬೆಂಕಿ ಬಿದ್ದಾಗ ಕೊಡ ಹಿಡಿದು ಓಡಬೇಕು, ಅದಕ್ಕಾಗಿ ಅವರ ಪಡಸಾಲೆಯಲ್ಲಿ ಹಾಸಿಗೆ ಹಾಸಿಕೊಂಡಿರಬೇಕಾಗಿಲ್ಲ. ದೊಡ್ಡ ದೇಶವಾಗುತ್ತಿರುವ ಭಾರತಕ್ಕೆ ಸಾಗರದಾಚೆ ನೆಲೆ ಬೇಕು ಎಂಬ ಮಾತು ಈಗ ನಮ್ಮ ಪತ್ರಿಕೆಗಳಲ್ಲಿ ಹೆಮ್ಮೆಯಿಂದ ಕೇಳಿಬರುತ್ತಿದೆ. 148 ವರ್ಷ ಪರರ ದಂಡನ್ನು ಹೊತ್ತ ನಾಡಿನವರು ನಾವು. ಬೇಡ ಎಂದು ಮೊದಲು ಹೇಳಬೇಕಾದವರು ನಾವೇ, ನಮ್ಮ ಸಂಸದರ ಬಾಯಲ್ಲೂ ಹೇಳಿಸಬೇಕು.

ಮಾಲ್ದೀವ್ಸ್‌ನಲ್ಲಿ ಭಾರತ ಕೊಟ್ಟ ಎರಡು ಹೆಲಿಕಾಪ್ಟರ್ ಮತ್ತು ಒಂದು ಡಾರ್ನಿಯರ್ ವಿಮಾನ ದೂರದ ದ್ವೀಪಗಳಿಂದ ರೋಗಿಗಳನ್ನು ಆಸ್ಪತ್ರೆಗೆ ತರುತ್ತಿದ್ದವು. ಅವುಗಳನ್ನು ನೋಡಿಕೊಳ್ಳಲು ನಮ್ಮ ಸೇನೆಯ 70ಕ್ಕೂ ಹೆಚ್ಚು ಮಂದಿ ಅಲ್ಲಿದ್ದರು. ಸಮವಸ್ತ್ರದವರು ಬೇಡ ಎಂದು ಅಲ್ಲಿನ ಹೊಸ ಸರ್ಕಾರ ಪಟ್ಟುಹಿಡಿಯಿತು. 2024ರ ಮೇ 10ರೊಳಗೆ ಅವರೆಲ್ಲ ಹಿಂದಿರುಗಿದರು. ಅವರ ಜಾಗಕ್ಕೆ ಹೋದವರು ಬೆಂಗಳೂರಿನ ಎಚ್‌ಎಎಲ್‌ನ ನಾಗರಿಕ ನೌಕರರು. ವಿಮಾನ, ಹೆಲಿಕಾಪ್ಟರುಗಳು ಅಲ್ಲೇ ಉಳಿದವು.